ರೈಸ್ (rise), ರೇಯ್ಜ್ (raise), ಲಿಫ್ಟ್ (lift), ಇಂಪ್ರೂವ್ (improve): ಇಂಗ್ಲಿಷಿನ ಈ ಪದಗಳಿಗೆ ವ್ಯತ್ಯಾಸವೇನು?

‘ಏರು’, ‘ಏರಿಸು’ ಬಲ್ಲ ಕನ್ನಡಿಗರಿಗೆ ಅರ್ಧ ಉತ್ತರ ಆಗಲೇ ಗೊತ್ತಿದೆ. ಬೆಲೆ ತಾನಾಗಿ ಏರಿದರೆ ‘ರೈಸ್’. ಅಂಗಡಿಯವರು ಏರಿಸಿದರೆ ‘ರೇಯ್ಜ್’. ಭೂತಕಾಲದಲ್ಲಿ ಮೊದಲನೆಯದು ‘ರೋಸ್’ (rose), ಎರಡನೆಯದು ‘ರೇಯ್ಜ್ಡ್’ (raised). ವಿದ್ಯಾರ್ಥಿಗಳು ಎಡವುವುದು ಇಲ್ಲೇ, ಆದ್ದರಿಂದ ಇದನ್ನು ಬಾಯಿಪಾಠ ಮಾಡಿಬಿಡಿ.

ಅಕ್ಕಿ ಮೂಟೆಯನ್ನು ನೆಲದಿಂದ ಎತ್ತುವುದು ‘ಲಿಫ್ಟ್’. ಆದರೆ ತರಗತಿಯಲ್ಲಿ ಕೈ ಎತ್ತುವುದು, ಪ್ರಶ್ನೆ ಎತ್ತುವುದು, ಹಣ ಒಟ್ಟುಗೂಡಿಸುವುದು, ಮಕ್ಕಳನ್ನು ಸಾಕಿ ಬೆಳೆಸುವುದು, ಇವೆಲ್ಲಕ್ಕೂ ‘ರೇಯ್ಜ್’ ಬಳಸಿ. ನಿಷೇಧವನ್ನು ತೆಗೆದುಹಾಕುವುದಕ್ಕೆ ಮತ್ತೆ ‘ಲಿಫ್ಟ್’.

‘ಇಂಪ್ರೂವ್’ ಎತ್ತರದ ಮಾತಲ್ಲ, ಗುಣದ ಮಾತು: ಕೈಬರಹ, ಆರೋಗ್ಯ, ರಸ್ತೆ. ನನಗೆ ಬಹಳ ಇಷ್ಟವಾದ ಸಂಗತಿಯೆಂದರೆ, ಈ ಪದ ಹುಟ್ಟಿದ್ದು ‘ಲಾಭ’ ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ. ಹಿಂದೆ, ಜಮೀನಿನಿಂದ ಹೆಚ್ಚು ಆದಾಯ ಪಡೆಯುವುದಕ್ಕೂ ಇದೇ ಪದ ಬಳಸುತ್ತಿದ್ದರು.