ಕಾರಿನ ಬಾಗಿಲು ಬಡಿದರೆ ತಪ್ಪು ಯಾರದು?

ಪ್ರಶ್ನೆ: ನಿಂತಿದ್ದ ಕಾರಿನ ಬಾಗಿಲು ದಿಢೀರಂತ ತೆರೆದು, ಸೈಕಲ್‌ನಿಂದ ಬಿದ್ದೆ. ಮುಂಗೈ ಮೂಳೆ ಮುರಿದಿದೆ. ‘ನೀವೇ ನೋಡ್ಕೊಂಡು ಬರಬೇಕಿತ್ತು’ ಅಂತಾರೆ ಕಾರಿನವರು. ಹೌದಾ ಮೇಡಂ?

ಉತ್ತರ: ಸುಮ್ನೆ ಹೆದರಿಸುತ್ತಿದ್ದಾರೆ. ಬೇರೆಯವರಿಗೆ ಅಪಾಯವಿಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಬಾಗಿಲು ತೆರೆಯಬಾರದು ಎಂದು 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 24ನೇ ವಿಧಿಯೇ ಹೇಳುತ್ತದೆ. ಅನೇಕ ದೇಶಗಳ ಕಾನೂನಿನಲ್ಲೂ ಇದೇ ಮಾತಿದೆ.

ಸೈಕಲ್ಲನ್ನು ಈಗಲೇ ರಿಪೇರಿಗೆ ಕೊಡಬೇಡಿ. ಸೊಟ್ಟಗಾದ ಹ್ಯಾಂಡಲ್, ಅದಕ್ಕೆ ಅಂಟಿದ ಕಾರಿನ ಬಣ್ಣ, ಇವೇ ನಿಮ್ಮ ಸಾಕ್ಷಿ. ಹತ್ತಿರದಿಂದ ಫೋಟೊ ತೆಗೆದಿಡಿ. ಹರಿದ ಅಂಗಿಯನ್ನು ಒಗೆಯಲೂಬೇಡಿ. ವಕೀಲೆಯಾಗಿ ನನಗೆ ಜಾಸ್ತಿ ಸಿಟ್ಟು ಬರಿಸುವುದು ‘ಇಷ್ಟು ತಗೊಂಡು ಸಹಿ ಹಾಕಿ’ ಅನ್ನೋ ರಾಜಿ ಕಾಗದ. ಕೈ ಪೂರ್ತಿ ಸರಿಹೋಗುತ್ತಾ ಅಂತ ಡಾಕ್ಟರು ಹೇಳುವವರೆಗೂ ಸಹಿ ಬೇಡ. ದೂರು ಮಾತ್ರ ಇವತ್ತೇ ಕೊಡಿ. ತಡವಾದಷ್ಟೂ ವಿಮೆಯವರ ತಕರಾರು ಜಾಸ್ತಿ.