ಕದ್ದ ಹಣ ಕಾಣಿಕೆ ಪೆಟ್ಟಿಗೆಗೆ ಹಾಕಿದರೆ ತೀರಿತೇ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಹತ್ತಿರ ಬಂದವರು ನಡುವಯಸ್ಸಿನವರು. ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಗಳ ಚಿಕಿತ್ಸೆಗೆ ದುಡ್ಡು ಸಾಲದೆ ಗಲ್ಲಾಪೆಟ್ಟಿಗೆಯಿಂದ ತೆಗೆದರು. ಮಗಳು ಹುಷಾರಾದಳು, ಇವರ ಕೈ ಮಾತ್ರ ನಿಲ್ಲಲಿಲ್ಲ. ತೆಗೆದದ್ದನ್ನೆಲ್ಲ ಡೈರಿಯ ಕೊನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದರು. ಕೆಲವು ಕಡೆ ಅಳಿಸಿ ಅಳಿಸಿ ಕಾಗದವೇ ತೆಳ್ಳಗಾಗಿತ್ತು.

"ದೇವರ ಹತ್ತಿರ ಅತ್ತು ಕ್ಷಮೆ ಕೇಳಿದ್ದೀನಿ ಮೇಡಂ. ಸ್ವಲ್ಪ ಸ್ವಲ್ಪವಾಗಿ ಚರ್ಚಿನ ಕಾಣಿಕೆಗೂ ಹಾಕ್ತಿದ್ದೀನಿ. ಆದ್ರೂ ನಿದ್ದೆ ಬರಲ್ಲ."

ಹಣ ಹೋದದ್ದು ಯಾರದ್ದು, ಸೇರುತ್ತಿರುವುದು ಎಲ್ಲಿಗೆ? ನಾನು ಕೇಳಿದ್ದು ಇಷ್ಟೇ. ಅವರು ತಲೆ ತಗ್ಗಿಸಿದರು.

ಬೈಬಲಿನ ಯಾಜಕಕಾಂಡ 6ನೇ ಅಧ್ಯಾಯವನ್ನು ಒಟ್ಟಿಗೆ ಓದಿದೆವು. ಕಿತ್ತುಕೊಂಡದ್ದನ್ನು ಪೂರ್ತಿ ವಾಪಸ್ ಕೊಟ್ಟು, ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ಅದು ಸೇರಬೇಕಾದ್ದು ಮಾಲೀಕನ ಕೈಗೆ. ದೇವರಿಗೆ ಯಜ್ಞವೂ ಇದೆ. ಆದರೆ ಒಂದನ್ನು ಮಾಡಿ ಇನ್ನೊಂದನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಕಾಣಿಕೆ ಪೆಟ್ಟಿಗೆ ಸುಲಭ, ಅದು ಪ್ರಶ್ನೆ ಕೇಳುವುದಿಲ್ಲ ಅಲ್ವಾ?

"ಜಕ್ಕಾಯನ ಹಾಗೆ ನಾಲ್ಕರಷ್ಟು ಕೊಡಬೇಕಾ?" ಎಂದು ಗಾಬರಿಯಿಂದ ಕೇಳಿದರು. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದು ಯೇಸುವಿಗೆ ಹೇಳಿದ ಸುಂಕದವನು ಈ ಜಕ್ಕಾಯ. ವಿಮೋಚನಕಾಂಡ 22ರಲ್ಲಿ ಕದ್ದ ಕುರಿಯನ್ನು ಕೊಯ್ದರೆ ಅಥವಾ ಮಾರಿದರೆ ನಾಲ್ಕು, ಎತ್ತಿಗೆ ಐದು. ಜೀವಂತ ಸಿಕ್ಕರೆ ಎರಡರಷ್ಟು. ಇದು ಸಿಕ್ಕಿಬಿದ್ದವನಿಗೆ, ಐದನೇ ಪಾಲು ತಾನೇ ಬಂದು ಒಪ್ಪಿಕೊಂಡವನಿಗೆ ಎಂದು ನಾನು ಓದಿಕೊಳ್ಳುತ್ತೇನೆ. ಜಕ್ಕಾಯ ಯಾರೂ ಕೇಳದೆ ಜಾಸ್ತಿ ಕೊಟ್ಟ. ಅದು ಅವನ ಖುಷಿ.

ಮಗಳ ಕಾಯಿಲೆಯ ಮಾತೂ ಬಂತು. ಹಸಿದು ಕದ್ದವನನ್ನು ಜನ ಹೀನವಾಗಿ ಕಾಣುವುದಿಲ್ಲ, ಆದರೂ ಸಿಕ್ಕರೆ ಏಳರಷ್ಟು ತೆರಬೇಕು ಎನ್ನುತ್ತದೆ ಜ್ಞಾನೋಕ್ತಿ 6. ಕನಿಕರ ಉಂಟು, ಸಾಲ ಮನ್ನಾ ಇಲ್ಲ.

ಅವರ ನಿಜವಾದ ಭಯ ಬೇರೆಯೇ. "ದೇವರು ಕ್ಷಮಿಸಿದ ಮೇಲೂ ಕೆಲಸ ಹೋಗುತ್ತಾ?" ಹೋಗಬಹುದು ಎಂದೆ. ಇದನ್ನು ಮುಚ್ಚಿಡಬಾರದು. ಯೇಸುವಿನ ಪಕ್ಕ ಶಿಲುಬೆಗೇರಿದ ಅಪರಾಧಿಗಳಲ್ಲಿ ಒಬ್ಬನಿಗೆ ಅಂದೇ ಪರದೈಸಿನ, ಅಂದರೆ ಸ್ವರ್ಗದ, ಮಾತು ಸಿಕ್ಕಿತು. ಶಿಲುಬೆಯಿಂದ ಯಾರೂ ಇಳಿಸಲಿಲ್ಲ. ತನಗಾಗುತ್ತಿರುವುದು ನ್ಯಾಯವೇ ಎಂದು ಅವನೇ ಹೇಳಿದ್ದ.

ಕೊಟ್ಟ ಸಲಹೆ: ಮೊದಲು ಹೆಂಡತಿಗೆ ಹೇಳಿ. ಡೈರಿಯ ಮೊತ್ತವನ್ನು ಪೆನ್ನಲ್ಲಿ ಬರೆಯಿರಿ, ಐದನೇ ಪಾಲು ಸೇರಿಸಿ. ಮಾಲೀಕರು ಪೊಲೀಸರ ಹತ್ತಿರ ಹೋಗಬಹುದು, ಹಾಗಾಗಿ ವಕೀಲರನ್ನು ಕಂಡೇ ಹೋಗಿ. ಕಾರಣಗಳ ಪಟ್ಟಿ ಒಯ್ಯಬೇಡಿ. ಇನ್ನು ದುಡ್ಡು ಮುಟ್ಟುವ ಕೆಲಸ ಬೇಡವೆಂದು ನೀವೇ ಹೇಳಿ. ಯೇಸುವಿನ ಶಿಷ್ಯರ ಹಣದ ಚೀಲ ಅವರಲ್ಲೊಬ್ಬನಾದ ಯೂದನ ಕೈಯಲ್ಲಿತ್ತು, ಅದರಿಂದಲೇ ಅವನು ಕದಿಯುತ್ತಿದ್ದ ಎಂದು ಯೋಹಾನ 12ರಲ್ಲಿದೆ. ಕದಿಯುತ್ತಿದ್ದವನು ಕೈಯಾರೆ ದುಡಿಯಲಿ, ಇಲ್ಲದವರಿಗೂ ಕೊಡಲಿ ಎಂದ ಪೌಲ, ಎಫೆಸದವರಿಗೆ 4:28ರಲ್ಲಿ. ಸುಮ್ನೆ ಕಳ್ಳತನ ಬಿಟ್ಟರೆ ಪೌಲನಿಗೆ ಸಾಲದು.

ಮಾಲೀಕರು ಕೂಗಾಡಿದರು. ಗಲ್ಲಾದ ಬೀಗದ ಕೈ ಕಸಿದುಕೊಂಡರು. ಪೊಲೀಸರಿಗೆ ಹೇಳಲಿಲ್ಲ. ಈಗ ಗೋದಾಮಿನಲ್ಲಿ ಕಡಿಮೆ ಸಂಬಳದ ಕೆಲಸ, ಅದರಲ್ಲೇ ತಿಂಗಳ ಕಂತು.

ಒಂದು ಮೊತ್ತ ಉಳಿದಿತ್ತು. ಗಿರಾಕಿಯೊಬ್ಬರು ಮರೆತು ಜಾಸ್ತಿ ಕೊಟ್ಟು ಹೋದದ್ದು. ಎಷ್ಟು ಹುಡುಕಿದರೂ ಅವರು ಸಿಗಲಿಲ್ಲ. ಹಣ ಸಲ್ಲಬೇಕಾದವನೂ ಇಲ್ಲ, ಅವನ ಬಂಧುವೂ ಇಲ್ಲ ಎಂದಾದರೆ ಯಾಜಕನಿಗೆ ಎಂದು ಅರಣ್ಯಕಾಂಡ 5:8 ಹೇಳುತ್ತದೆ. ಅಷ್ಟನ್ನು ಮಾತ್ರ ಕಾಣಿಕೆಯಲ್ಲೇ ಇರಲು ಬಿಡಿ ಎಂದೆ.