‘ಖಂಡಿತವೇ?’ ಎಂದು ಯಂತ್ರವನ್ನೇ ಕೇಳಿದರೆ?

ಎಐ ಚಾಟ್‌ಬಾಟ್ ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು ಇಸವಿ, ಸಂಜೆ ಇನ್ನೊಂದು ಹೇಳಿತು, ‘ಖಂಡಿತವೇ?’ ಎಂದರೆ ಎರಡೂ ಸಲ ‘ಹೌದು’ ಎಂದಿತು. ಆದರೂ ಅದನ್ನು ನಂಬಬೇಕೆನ್ನಿಸುತ್ತದೆ, ಯಾಕೆ ಎಂದು ಬರೆದಿದ್ದೀರಿ.

ಎದುರಿಗಿರುವವರು ತಡವರಿಸಿದರೆ ಇವರಿಗೆ ಗೊತ್ತಿಲ್ಲ ಎಂದುಕೊಳ್ಳುತ್ತೇವೆ. ಯಂತ್ರ ತಡವರಿಸುವುದೇ ಇಲ್ಲ. ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಧಾಟಿಯಲ್ಲಿ ಒಪ್ಪಿಸುತ್ತದೆ. ಇದು ಇಂದಿನ ಮರುಳೂ ಅಲ್ಲ. 1966ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ವಿವರಿಸಿದ ‘ಎಲಿಜಾ’ ಎಂಬ ಸಂಭಾಷಣೆಯ ಪ್ರೋಗ್ರಾಂ, ನಾವು ಆಡಿದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಅಷ್ಟಕ್ಕೇ ಜನ ಮನಸ್ಸು ಬಿಚ್ಚಿಕೊಂಡರು.

ಇನ್ನು ಇಸವಿ. ಚಾಟ್‌ಬಾಟ್ ಕಡತ ತೆಗೆದು ನೋಡಿ ಹೇಳುವ ಗುಮಾಸ್ತನಲ್ಲ. ಮುಂದೆ ಯಾವ ಪದ ಬರಬಹುದೆಂದು ಲೆಕ್ಕ ಹಾಕಿ, ಒಂದನ್ನು ಆರಿಸುತ್ತದೆ. ಸಾವಿರಾರು ಕಡೆ ಬರೆದಿರುವ ಸಂಗತಿಯಾದರೆ ಸರಿಯಾದ ಇಸವಿ ಉಳಿದವನ್ನು ಬಹಳ ಹಿಂದೆ ಹಾಕುತ್ತದೆ. ಅಪರೂಪದ ಸಂಗತಿಯಲ್ಲಿ ನಾಲ್ಕಾರು ಇಸವಿಗಳು ಸರಿಸಮ ನಿಲ್ಲುತ್ತವೆ. ಆಗ ಚೀಟಿ ಎತ್ತಿದ ಹಾಗೆ.

‘ಖಂಡಿತವೇ?’ ಎಂಬುದಕ್ಕೆ ಬರುವ ಉತ್ತರವೂ ಇದೇ ಗಿರಣಿಯ ಹಿಟ್ಟು. ನ್ಯೂಯಾರ್ಕ್‌ನ ವಕೀಲರೊಬ್ಬರು ಚಾಟ್‌ಜಿಪಿಟಿ ಹೆಸರಿಸಿದ ಹಳೆಯ ತೀರ್ಪು ಅಸಲಿಯೇ ಎಂದು ಅದನ್ನೇ ಕೇಳಿದರು. ಅಸಲಿ ಎಂದಿತು. ಇರದ ತೀರ್ಪುಗಳು ನ್ಯಾಯಾಲಯದ ಮುಂದೆ ಹೋದವು. 2023ರಲ್ಲಿ ಆ ವಕೀಲರಿಗೂ ಅವರ ಸಹೋದ್ಯೋಗಿ ವಕೀಲರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು.

ಇಡೀ ಉತ್ತರವನ್ನು ಅನುಮಾನಿಸುತ್ತಾ ಕೂರಬೇಡಿ, ಅದು ಯಾರಿಂದಲೂ ಆಗದ ಕೆಲಸ. ಹೆಸರು, ಇಸವಿ, ಅಂಕಿ, ಉದ್ಧರಣೆ ಇಷ್ಟಕ್ಕೆ ಗೆರೆ ಎಳೆಯಿರಿ. ಕೊಂಡಿ ಕೊಟ್ಟಿದ್ದರೆ ತೆರೆದು, ಆ ಪುಟದಲ್ಲಿ ಇಸವಿಯನ್ನೇ ಹುಡುಕಿ. ಪುಟ ಅಸಲಿಯಾಗಿದ್ದು ಮಾತು ಅಲ್ಲಿಲ್ಲದಿರುವುದೂ ಉಂಟು. ಇನ್ನೊಂದು ಪುಟ ಸಿಕ್ಕರೆ, ಅದು ಮೊದಲಿನದರ ನಕಲೇ ಎಂದು ನೋಡಿ. ನಕಲಾದರೆ ಎರಡೂ ಸೇರಿ ಒಂದೇ ಸಾಕ್ಷಿ.

ಮತ್ತೆ ಕೇಳುವುದಾದರೆ ಹೊಸ ಸಂಭಾಷಣೆ ತೆರೆದು, ಬರೀ ‘ಯಾವಾಗ?’ ಎನ್ನಿ. ‘ಇದೇ ಇಸವಿ ಅಲ್ಲವೇ?’ ಎಂದು ನೀವೇ ಬಾಯಿಗೆ ಹಾಕಿದರೆ ಅದು ತಲೆಯಾಡಿಸುವ ಸಂಭವ ಹೆಚ್ಚು. ಮೂರು ಸಲ ಮೂರು ಬಗೆಯ ಉತ್ತರ ಬಂದರೆ ಮೂರನ್ನೂ ಬಿಡಿ. ಒಂದೇ ಉತ್ತರ ಬಂದರೂ ಬೀಗಬೇಡಿ, ಒಂದೇ ತಪ್ಪನ್ನು ನಿಷ್ಠೆಯಿಂದ ಮೂರು ಸಲ ಹೇಳುವುದೂ ಅದಕ್ಕೆ ಬರುತ್ತದೆ.

ನೀವೇ ಬರೆದ ಪತ್ರವನ್ನು ಅದರಿಂದ ಚಿಕ್ಕದು ಮಾಡಿಸಿಕೊಂಡರೆ ಇಷ್ಟೆಲ್ಲ ಬೇಡ. ಮೂಲ ನಿಮ್ಮ ಕೈಯಲ್ಲೇ ಇದೆ, ಒಮ್ಮೆ ಓದಿದರಾಯಿತು. ನಿಮ್ಮ ಆ ಎರಡು ಇಸವಿಗಳಿಗೆ ಮಾತ್ರ ಆ ಕಾಲದ ದಾಖಲೆಯನ್ನೇ ನೋಡಬೇಕು. ಎರಡೂ ತಪ್ಪಿರಬಹುದು.